ಜಾತ್ರೆಯಲ್ಲಿ ಹಾಡಿದವನಿಗೆ ಏನು ಸಿಕ್ಕೀತು?

2018ರ ನವೆಂಬರಿನ ಒಂದು ಭಾನುವಾರ ಹಾಸನದ ಒಂದು ಮನೆಯಲ್ಲಿ ಬೆಳಗಿನ ಉಪ್ಪಿಟ್ಟು ತಟ್ಟೆಯಲ್ಲೇ ಆರಿಹೋಯಿತು. ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬಂದಿಳಿದಿದ್ದ ಮಗ ತಟ್ಟೆಯ ಪಕ್ಕದಲ್ಲಿ ಒಂದು ಕಾಗದ ಇಟ್ಟಿದ್ದ. ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ಎಂಬ ಊರಿನಲ್ಲಿ ಮುಂದಿನ ಮಾರ್ಚಿಗೆ ನಡೆಯುವ ದೊಡ್ಡ ಸಂಗೀತ ಸಮ್ಮೇಳನಕ್ಕೆ ಬಂದು ಹಾಡಬೇಕೆಂದು ಅವನಿಗೂ ಅವನ ಮೂವರು ಗೆಳೆಯರಿಗೂ ಬಂದ ಆಹ್ವಾನವದು.

ತಂದೆ ನಿವೃತ್ತ ಪೋಸ್ಟ್‌ಮಾಸ್ಟರ್. ಯಾವ ಕಾಗದವನ್ನೇ ಆಗಲಿ ಹಿಂದುಮುಂದು ತಿರುಗಿಸಿ ನೋಡದೆ ಓದುವವರಲ್ಲ. ಎರಡು ಸಲ ಓದಿ, ಕನ್ನಡಕ ತೆಗೆದು ಕೇಳಿದರು.

“ಸಂಭಾವನೆ ಎಷ್ಟು ಕೊಡ್ತಾರಂತೆ?”

“ಸಂಭಾವನೆ ಇಲ್ಲಪ್ಪ. ಹೊರದೇಶದಿಂದ ಬಂದೋರಿಗೆ ದುಡ್ಡು ಕೊಡಲ್ಲ. ರಿಸ್ಟ್‌ಬ್ಯಾಂಡ್ ಕೊಡ್ತಾರೆ.”

“ಹಂಗಂದ್ರೆ?”

“ಕೈಗೆ ಕಟ್ಕೊಳೋ ಪಟ್ಟಿ. ಅದಿದ್ರೆ ಬೇರೆಯೋರ ಕಾರ್ಯಕ್ರಮಕ್ಕೆಲ್ಲ ಒಳಗೆ ಬಿಡ್ತಾರೆ.”

“ಸರಿ ಬಿಡು. ಮದ್ವೆ ಮನೇಲಿ ವಾಲಗ ಊದಿದೋನಿಗೆ ಪಕ್ಕದ ಛತ್ರದ ಊಟದ ಚೀಟಿ ಕೊಟ್ಟ ಹಂಗಾಯ್ತು.”

ತಾಯಿಗೆ ನಗು ಬಂತು. ಮಗನಿಗೆ ಬರಲಿಲ್ಲ.

ಅವನು ಇಂಜಿನಿಯರಿಂಗ್ ಓದಿ ಎರಡು ವರ್ಷ ಕೆಲಸ ಮಾಡಿ ಬಿಟ್ಟವನು. ತಾನೇ ಬರೆದು, ತಾನೇ ರಾಗ ಹಾಕಿ, ಗಿಟಾರ್ ಹಿಡಿದು ಹಾಡುತ್ತಿದ್ದ. ಹಿಂದೆ ಕ್ಯಾಸೆಟ್ ಕಂಪನಿಯಿಲ್ಲ, ಮುಂದೆ ಸಿನಿಮಾ ಇಲ್ಲ. ಇಂಥವರನ್ನು ಈಗ ‘ಇಂಡಿಪೆಂಡೆಂಟ್’ ಸಂಗೀತಗಾರರು, ಸ್ವತಂತ್ರ ಸಂಗೀತಗಾರರು ಎನ್ನುತ್ತಾರೆ. ಮೆಸ್ಸಿನ ಬಿಲ್ಲು ಕಟ್ಟುವ ದಿನ ಬಂದಾಗ ಈ ಸ್ವಾತಂತ್ರ್ಯದ ರುಚಿ ಎಂಥದ್ದೆಂದು ಅವರಿಗೇ ಗೊತ್ತು. ಹಾಡನ್ನು ಅಂತರ್ಜಾಲಕ್ಕೆ ಏರಿಸುವುದು ಇವತ್ತು ಕಾಗದವನ್ನು ಟಪಾಲು ಡಬ್ಬಿಗೆ ಹಾಕಿದಷ್ಟೇ ಸುಲಭ. ಆದರೆ ಡಬ್ಬಿ ತುಂಬಿ ತುಳುಕುತ್ತಿದೆ, ಯಾರ ಕಾಗದ ಯಾರ ಕೈಗೆ ಸೇರುತ್ತದೋ ತಿಳಿಯದು. ಅದಕ್ಕೇ ಇಂಥ ಹುಡುಗರ ಕಣ್ಣು ಸಮ್ಮೇಳನಗಳ ಮೇಲೆ ಬೀಳುವುದು. ಅಲ್ಲಿ ಕಂಪನಿಯವರು, ಉತ್ಸವ ನಡೆಸುವವರು, ಪತ್ರಕರ್ತರು ಎಲ್ಲ ಒಂದೇ ಸೂರಿನಡಿ ಸಿಗುತ್ತಾರೆ. ಒಬ್ಬರ ಕಿವಿಗೆ ಬಿದ್ದರೂ ಸಾಕು ಎಂಬುದು ಆಸೆ.

ಆಸ್ಟಿನ್ನಿನ ಈ ಸಮ್ಮೇಳನದ ಹೆಸರು ‘ಸೌತ್ ಬೈ ಸೌತ್‌ವೆಸ್ಟ್’. ಹಿಚ್‌ಕಾಕ್‌ನ 1959ರ ‘ನಾರ್ತ್ ಬೈ ನಾರ್ತ್‌ವೆಸ್ಟ್’ ಚಿತ್ರದ ಹೆಸರನ್ನು ತಿರುಗಿಸಿ ಇಟ್ಟದ್ದು. ಅದನ್ನು ಹುಟ್ಟುಹಾಕಿದವರಲ್ಲಿ ಅಲ್ಲಿನ ಒಂದು ವಾರಪತ್ರಿಕೆಯ ಮಂದಿಯೇ ಮುಖ್ಯರು. ನ್ಯೂಯಾರ್ಕಿನಲ್ಲಿ 1980ರಲ್ಲಿ ಶುರುವಾಗಿದ್ದ ‘ನ್ಯೂ ಮ್ಯೂಸಿಕ್ ಸೆಮಿನಾರ್’ ತನ್ನದೊಂದು ಶಾಖೆಯನ್ನು ಆಸ್ಟಿನ್ನಿನಲ್ಲಿ ತೆರೆಯುವ ಯೋಚನೆ ಮಾಡಿ ಕೈಬಿಟ್ಟಾಗ, ಊರಿನವರು ತಾವೇ ಮಾಡೋಣವೆಂದು 1987ರ ಮಾರ್ಚಿನಲ್ಲಿ ಶುರು ಮಾಡಿದರು. ನೂರೈವತ್ತು ಜನ ಬಂದಾರೆಂದು ಎಣಿಸಿದ್ದರು, ಏಳುನೂರು ಜನ ಬಂದರು. ಅಲ್ಲಿಂದ ಅದು ಬೆಳೆದು ಸಂಗೀತದ ಜೊತೆಗೆ ಸಿನಿಮಾ, ಕಂಪ್ಯೂಟರುಗಳನ್ನೂ ಸೇರಿಸಿಕೊಂಡು ಮಹಾಜಾತ್ರೆಯಾಯಿತು. ಹಗಲು ಭಾಷಣ, ಚರ್ಚೆ. ರಾತ್ರಿ ಊರಿನ ಪಾನಗೃಹಗಳಲ್ಲೂ ಹಾಲುಗಳಲ್ಲೂ ಒಂದೊಂದು ತಂಡಕ್ಕೆ ಸುಮಾರು ನಲವತ್ತು ನಿಮಿಷದ ಕಾರ್ಯಕ್ರಮ.

ಜಾತ್ರೆಯಿಂದ ಭಾಗ್ಯ ತೆರೆದವರ ಕಥೆಗಳೂ ಉಂಟು. ಮಗ ಅವನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಅವುಗಳಲ್ಲಿ ಒಂದು ಹ್ಯಾನ್ಸನ್ ಸಹೋದರರದು. ಓಕ್ಲಹೋಮಾದ ಟಲ್ಸಾ ಊರಿನ ಮೂವರು ಅಣ್ಣತಮ್ಮಂದಿರು, ಇನ್ನೂ ಮೀಸೆ ಚಿಗುರದ ಹುಡುಗರು, 1994ರಲ್ಲಿ ಆ ಸಮ್ಮೇಳನಕ್ಕೆ ಹೋದರು. ವಾದ್ಯವಿಲ್ಲದೆ ಬರಿಯ ಕಂಠದಲ್ಲಿ ಸಿಕ್ಕಸಿಕ್ಕವರ ಮುಂದೆ ಹಾಡಿದರು. ಸಂಗೀತೋದ್ಯಮದ ವಕೀಲನೊಬ್ಬ ಕೇಳಿ ಮೆಚ್ಚಿ ಅವರ ಮ್ಯಾನೇಜರ್ ಆದ. 1997ರಲ್ಲಿ ಅವರ ‘ಎಮ್‌ಬಾಪ್’ ಹಾಡು ಅಮೆರಿಕ, ಇಂಗ್ಲೆಂಡ್ ಎರಡೂ ಕಡೆ ಮೊದಲ ಸ್ಥಾನಕ್ಕೆ ಏರಿತು.

ತಾಯಿಗೂ ಒಂದು ಕಥೆ ನೆನಪಾಯಿತು. ಮದುವೆಗೆ ಮುಂಚೆ ನಾಲ್ಕು ವರ್ಷ ಹಿಂದುಸ್ತಾನಿ ಕಲಿತಿದ್ದ ಅವರು ಅಡುಗೆ ಮನೆಯ ಬಾಗಿಲಲ್ಲಿ ನಿಂತು ಹೇಳಿದರು. “ಅಲ್ಲಾಂದ್ರೆ, ನಮ್ಮ ಕುಮಾರ ಗಂಧರ್ವರು ಕೂಡ ಸಮ್ಮೇಳನದಲ್ಲೇ ಅಲ್ವೇ ಬೆಳಕಿಗೆ ಬಂದಿದ್ದು?”

ಮಾತು ಸುಳ್ಳಲ್ಲ. ಬೆಳಗಾವಿಯ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೋಂಕಳಿಮಠ ಎಂಬ ಬಾಲಕ, 1930ರ ದಶಕದ ನಡುವಿನಲ್ಲಿ ಮುಂಬೈಯ ಜಿನ್ನಾ ಹಾಲಿನ ಸಂಗೀತ ಸಮ್ಮೇಳನದಲ್ಲಿ ಹಾಡಿ ದೊಡ್ಡ ದೊಡ್ಡ ಗವಾಯಿಗಳನ್ನೇ ಬೆರಗುಗೊಳಿಸಿದ. ಮದರಾಸಿನ ಮ್ಯೂಸಿಕ್ ಅಕಾಡೆಮಿ ಹುಟ್ಟಿದ್ದೂ 1927ರ ಕಾಂಗ್ರೆಸ್ ಅಧಿವೇಶನದ ಜೊತೆಗೆ ನಡೆದ ಸಂಗೀತ ಸಮ್ಮೇಳನದಿಂದಲೇ. ಒಂದೆಡೆ ವಿದ್ವಾಂಸರ ಚರ್ಚೆ, ಇನ್ನೊಂದೆಡೆ ಕಛೇರಿ, ಮೂಲೆಯಲ್ಲಿ ಕಾಫಿ, ಅಲ್ಲೇ ಮುಂದಿನ ವರ್ಷದ ಕಾರ್ಯಕ್ರಮಗಳ ಮಾತುಕತೆ. ಆಸ್ಟಿನ್ನಿನವರು ಇದನ್ನು ಹೊಸದಾಗಿ ಕಂಡುಹಿಡಿದವರೇನಲ್ಲ. ಮದರಾಸಿನ ಸಭೆಗಳಲ್ಲಿ ಮಧ್ಯಾಹ್ನದ ಬಿಸಿಲಲ್ಲಿ ಖಾಲಿ ಕುರ್ಚಿಗಳ ಮುಂದೆ ಹಾಡುವ ಕಿರಿಯ ಕಲಾವಿದರೂ, ಟೆಕ್ಸಾಸಿನಲ್ಲಿ ಎಂಟು ಜನರ ಮುಂದೆ ನುಡಿಸುವ ತಂಡವೂ ಒಂದೇ ಬಳಗದವರು.

ಆದರೆ ತಾಯಿ ಹೇಳಿದ ಕಥೆಗೂ ಮಗ ಹೇಳಿದ ಕಥೆಗೂ ಎರಡನೆಯ ಭಾಗವೊಂದಿದೆ. ಜಿನ್ನಾ ಹಾಲಿನಲ್ಲಿ ಚಪ್ಪಾಳೆ ಗಿಟ್ಟಿಸಿದ ಬಾಲಕ ಅಲ್ಲಿಗೇ ನಿಲ್ಲಲಿಲ್ಲ. ಬಿ.ಆರ್. ದೇವಧರರ ಶಾಲೆಗೆ ಸೇರಿ ವರ್ಷಗಟ್ಟಲೆ ಕಲಿತ. ಹ್ಯಾನ್ಸನ್ ಹುಡುಗರನ್ನು ಮ್ಯಾನೇಜರ್ ಸಿಕ್ಕಿದ ಮೇಲೂ ಕಂಪನಿಯ ಮೇಲೆ ಕಂಪನಿ ಬೇಡವೆಂದು ತಿರುಗಿಸಿ ಕಳಿಸಿತು. ಆಸ್ಟಿನ್ನಿಗೂ ಆ ಹಾಡಿಗೂ ನಡುವೆ ಮೂರು ವರ್ಷಗಳ ಅಲೆದಾಟವಿದೆ. ಕಥೆ ಹೇಳುವವರು ಈ ಮೂರು ವರ್ಷವನ್ನು ಬಿಟ್ಟುಬಿಡುತ್ತಾರೆ. ಇನ್ನೊಂದು ಗಮನಿಸಬೇಕು. ಅವರಿಗೆ ಮನುಷ್ಯ ಸಿಕ್ಕಿದ್ದು ವೇದಿಕೆಯ ಮೇಲಲ್ಲ, ಸಾಫ್ಟ್‌ಬಾಲ್ ಆಡುವ ಬಯಲಿನಲ್ಲಿ.

ಇನ್ನು ಹೋಗಿ ಬರಿಗೈಯಲ್ಲಿ ಬಂದವರ ಕಥೆಯನ್ನು ಯಾರೂ ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಲಾಟರಿ ಅಂಗಡಿಯ ಗೋಡೆಯ ಮೇಲೆ ಬಹುಮಾನ ಬಂದವರ ಫೋಟೋ ಮಾತ್ರ ಇರುತ್ತದಲ್ಲವೇ? ಲೆಕ್ಕವನ್ನೇ ಹಾಕಿ ನೋಡಿ. 2010ರ ದಶಕದ ನಡುವಿನ ವರ್ಷಗಳಲ್ಲಿ ಆಸ್ಟಿನ್ನಿನ ಸಮ್ಮೇಳನಕ್ಕೆ ಬರುತ್ತಿದ್ದ ತಂಡಗಳು ಸುಮಾರು ಎರಡು ಸಾವಿರ. ಕಂಪನಿಯ ದೊಡ್ಡ ಮನುಷ್ಯನೊಬ್ಬ ಬಹಳ ಉತ್ಸಾಹಿ ಎಂದೇ ಇಟ್ಟುಕೊಳ್ಳೋಣ. ರಾತ್ರಿಗೆ ಎಂಟು ತಂಡದಂತೆ ಆರು ರಾತ್ರಿ ಓಡಾಡಿದರೆ ಅವನು ಕೇಳುವುದು ನಲವತ್ತೆಂಟು ತಂಡಗಳನ್ನು. ನೂರಕ್ಕೆ ಎರಡೂವರೆಯೂ ಆಗಲಿಲ್ಲ. ಅದರಲ್ಲೂ ಯಾರನ್ನು ಕೇಳಬೇಕೆಂದು ಅವನು ಊರು ಬಿಡುವ ಮೊದಲೇ ಗುರುತು ಹಾಕಿಕೊಂಡಿರುತ್ತಾನೆ. ಹೆಸರೇ ಕೇಳಿರದ ತಂಡಕ್ಕೆ ಆ ಪಟ್ಟಿಯಲ್ಲಿ ಜಾಗವೆಲ್ಲಿ?

ಉಪ್ಪಿಟ್ಟಿನ ತಟ್ಟೆ ಸರಿಸಿ ತಂದೆ ಕ್ಯಾಲೆಂಡರಿನ ಹಳೆಯ ಹಾಳೆಯೊಂದರ ಬೆನ್ನಿಗೆ ಬರೆಯತೊಡಗಿದರು. ನಾಲ್ವರ ವಿಮಾನದ ಟಿಕೆಟ್, ವೀಸಾ, ಜಾತ್ರೆಯ ವಾರದಲ್ಲಿ ಮೂರುಪಟ್ಟಾಗುವ ಹೋಟೆಲ್ ಬಾಡಿಗೆ, ಊಟ, ಅಲ್ಲಿ ಬಾಡಿಗೆಗೆ ತರಬೇಕಾದ ಡ್ರಮ್ಮು. ಮೊತ್ತ ಏಳು ಲಕ್ಷಕ್ಕೆ ಬಂತು. ಹುಡುಗರ ಕೈಯಲ್ಲಿದ್ದದ್ದು ಎರಡು ಲಕ್ಷ. ಒಂದು ಲಕ್ಷ ಗೆಳೆಯರ ಮನೆಗಳಿಂದ. ಉಳಿದ ನಾಲ್ಕು ಲಕ್ಷ ಎಲ್ಲಿಂದ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಅಂಚೆ ಕಚೇರಿಯ ಠೇವಣಿಯಲ್ಲಿ ಸರಿಯಾಗಿ ಅಷ್ಟಿತ್ತು. ಪಿಯುಸಿ ಓದುತ್ತಿದ್ದ ಮಗಳ ಮುಂದಿನ ಓದಿಗೆಂದು ಇಟ್ಟದ್ದು. ಅವಳು ಒಳಗಿನ ಕೋಣೆಯಲ್ಲಿ ಪುಸ್ತಕ ಹಿಡಿದು ಕೂತಿದ್ದಳು. ಆದರೆ ಅರ್ಧ ಗಂಟೆಯಿಂದ ಒಂದೇ ಪುಟದಲ್ಲಿದ್ದಳು.

ಹಣದ ವಿಷಯದಲ್ಲಿ ಅಮೆರಿಕದ ತಂಡಗಳ ಪಾಡೂ ಬಹಳ ಮೇಲೇನಲ್ಲ. ಬಹಳ ಕಾಲ ಅಲ್ಲಿನ ತಂಡವೊಂದಕ್ಕೆ ಸಮ್ಮೇಳನ ಕೊಡುತ್ತಿದ್ದದ್ದು 250 ಡಾಲರ್, ಅಥವಾ ಅದೇ ರಿಸ್ಟ್‌ಬ್ಯಾಂಡ್. ಹಾಡಲು ಅವಕಾಶ ಕೊಡಿ ಎಂದು ಅರ್ಜಿ ಹಾಕುವುದಕ್ಕೇ 55 ಡಾಲರ್ ಶುಲ್ಕ ಎಂಬಲ್ಲಿಗೆ ಬಂದು ನಿಂತಾಗ, 2023ರಲ್ಲಿ ಸಂಗೀತಗಾರರ ಸಂಘವೊಂದು 750 ಡಾಲರ್ ಕೊಡಿ ಎಂದು ಎದ್ದು ನಿಂತಿತು. 2024ಕ್ಕೆ ಅದು 350 ಡಾಲರ್ ಆಯಿತು. ಹೊರದೇಶದವರಿಗೆ ಅದೂ ಇರಲಿಲ್ಲ. ಜಾತ್ರೆಯಲ್ಲಿ ಹೋಟೆಲಿನವನಿಗೆ ಲಾಭ, ಬಿಯರಿನವನಿಗೆ ಲಾಭ, ಟ್ಯಾಕ್ಸಿಯವನಿಗೆ ಲಾಭ. ಯಾರ ಹೆಸರಿನಲ್ಲಿ ಜಾತ್ರೆಯೋ ಅವನು ಸಾಲ ಮಾಡಿ ಬಂದಿರುತ್ತಾನೆ.

ಹಾಗಾದರೆ ಸಮ್ಮೇಳನಗಳೆಲ್ಲ ದಂಡವೇ? ಹಾಗೆಂದುಬಿಟ್ಟರೆ ಅದೂ ತಪ್ಪಾಗುತ್ತದೆ.

ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಮಕ್ಕಳಿಗೆ ಮಾಡಿ ತೋರಿಸುವ ಒಂದು ಪ್ರಯೋಗವುಂಟು. ಪ್ರನಾಳದಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ತೆಗೆದುಕೊಂಡು ಚಿಟಿಕೆ ಮ್ಯಾಂಗನೀಸ್ ಡೈಆಕ್ಸೈಡ್ ಹಾಕಿದರೆ ನೊರೆನೊರೆಯಾಗಿ ಆಮ್ಲಜನಕ ಉಕ್ಕುತ್ತದೆ. ಮಕ್ಕಳು ಕರಿಯ ಪುಡಿಯಿಂದಲೇ ಅನಿಲ ಬಂತೆಂದು ತಿಳಿಯುತ್ತಾರೆ. ಅದೇ ಪುಡಿಯನ್ನು ಬರಿಯ ನೀರಿಗೆ ಹಾಕಿ ನೋಡಿ, ಒಂದು ಗುಳ್ಳೆಯೂ ಏಳದು. ಪೆರಾಕ್ಸೈಡ್ ತನ್ನಷ್ಟಕ್ಕೆ ತಾನೇ ನಿಧಾನವಾಗಿ ಒಡೆಯುತ್ತಲೇ ಇತ್ತು. ಪುಡಿ ಅದರ ವೇಗವನ್ನು ಹೆಚ್ಚಿಸಿತು, ಅಷ್ಟೆ. ಪುಸ್ತಕದಲ್ಲಿ ಇದಕ್ಕೆ ಕ್ರಿಯಾವರ್ಧಕ ಎನ್ನುತ್ತಾರೆ. ಕೊನೆಯಲ್ಲಿ ಸೋಸಿ, ಒಣಗಿಸಿ ತೂಗಿದರೆ ಪುಡಿಯ ತೂಕ ಹಾಕಿದಷ್ಟೇ ಇರುತ್ತದೆ.

ಸಂಗೀತ ಸಮ್ಮೇಳನವೂ ಇಂಥದೇ ಕರಿಪುಡಿ. ನಡೆಯುತ್ತಿರುವುದನ್ನು ಬೇಗ ನಡೆಸುತ್ತದೆ, ನಡೆಯದಿರುವುದನ್ನು ಹುಟ್ಟಿಸಲಾರದು. ನಾಲ್ಕು ಊರಿನಲ್ಲಿ ಕೇಳುಗರಿರುವ, ಕೈಯಲ್ಲಿ ಮುಗಿದ ಹಾಡುಗಳಿರುವ, ಇಂಥವರನ್ನೇ ಕಾಣಬೇಕೆಂಬ ಗುರಿಯಿರುವ ಸಂಗೀತಗಾರ ಹೋದರೆ ಎರಡು ವರ್ಷದ ಕೆಲಸ ಎರಡು ದಿನದಲ್ಲಾದೀತು. ಯಾರಾದರೂ ನನ್ನನ್ನು ಕಂಡುಹಿಡಿಯಲಿ ಎಂದು ಹೋದವನು ಬರಿಯ ನೀರಿಗೆ ಪುಡಿ ಹಾಕಿದಂತೆ.

ಮೈಸೂರಿನ ರಘು ದೀಕ್ಷಿತರ ಉದಾಹರಣೆಯನ್ನು ಹುಡುಗರು ಮಾತುಮಾತಿಗೆ ಎತ್ತುತ್ತಿದ್ದರು. ಅವರು 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದ್ದು, ಮರುವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸಬರ ಪ್ರಶಸ್ತಿ ಪಡೆದದ್ದು ನಿಜ. ಆದರೆ ‘ಅಂತರಾಗ್ನಿ’ ತಂಡದ ದಿನಗಳಿಂದ ಎಣಿಸಿದರೆ ಮೊದಲ ಆಲ್ಬಮ್ 2008ರಲ್ಲಿ ಬರುವ ಹೊತ್ತಿಗೇ ಹತ್ತು ವರ್ಷ ಹಾಡಿಯಾಗಿತ್ತು. ಪ್ರನಾಳದಲ್ಲಿ ನೀರಿರಲಿಲ್ಲ.

ಹಾಸನದ ಮನೆಯಲ್ಲಿ ಆ ದಿನ ಇಷ್ಟೆಲ್ಲ ತರ್ಕ ನಡೆಯಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ತಂದೆ ಒಂದೇ ಪ್ರಶ್ನೆ ಕೇಳಿದರು.

“ಅಲ್ಲಿ ಯಾರನ್ನ ನೋಡಬೇಕು ನಿಂಗೆ? ಹೆಸರು ಹೇಳು.”

ಮಗನಿಗೆ ಒಂದು ಹೆಸರೂ ಬಾಯಿಗೆ ಬರಲಿಲ್ಲ. “ಯಾರಾದ್ರೂ ಸಿಗ್ತಾರಪ್ಪ” ಎಂದ.

“ವಿಳಾಸ ಬರೀದೆ ಕಾಗದ ಹಾಕಿದ್ರೆ ಅದು ಎಲ್ಲಿಗೋಗುತ್ತೆ ಗೊತ್ತಾ? ಮೂವತ್ತಾರು ವರ್ಷ ನೋಡಿದೀನಿ.” ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು. “ಠೇವಣಿ ಬೇಕಾದ್ರೆ ತಗೋ. ಬೇಡ ಅನ್ನಲ್ಲ. ವಿಳಾಸ ಬರ್ಕೊಂಡು ಬಾ.”

ಬೇಡ ಎಂದಿದ್ದರೆ ಜಗಳವಾಡಿ ಹೋಗಿಬಿಡುತ್ತಿದ್ದನೇನೋ. ತಗೋ ಎಂದದ್ದೇ ಅವನನ್ನು ಕಟ್ಟಿಹಾಕಿತು. ಮರಳಿ ಬೆಂಗಳೂರಿಗೆ ಹೋಗುವ ಬಸ್ಸಿನಲ್ಲಿ ಅವನು ನಿರ್ಧಾರ ಮಾಡಿದ. ಆಹ್ವಾನಕ್ಕೆ ವಂದನೆ ತಿಳಿಸಿ, ಬರಲಾಗುವುದಿಲ್ಲವೆಂದು ಬರೆದ. ಬೇಸ್ ಗಿಟಾರಿನ ಗೆಳೆಯ ಎರಡು ತಿಂಗಳು ಮಾತಾಡಲಿಲ್ಲ.

ಇದ್ದ ಎರಡು ಲಕ್ಷದಲ್ಲಿ ಐದು ಹಾಡು ಮುದ್ರಿಸಿಕೊಂಡರು. 2019ರಲ್ಲಿ ಬಾಡಿಗೆ ವ್ಯಾನಿನಲ್ಲಿ ಶಿವಮೊಗ್ಗ, ಉಡುಪಿ, ಮಂಗಳೂರು, ಹುಬ್ಬಳ್ಳಿ, ಧಾರವಾಡ, ಮೈಸೂರು ಸುತ್ತಿದರು. ಶಿವಮೊಗ್ಗದಲ್ಲಿ ಮೂವತ್ತು ಜನ, ಉಡುಪಿಯಲ್ಲಿ ಮಳೆ, ಧಾರವಾಡದ ಕಾಲೇಜೊಂದರಲ್ಲಿ ನಾನೂರು ಹುಡುಗರು ಹಾಡು ಕಲಿತು ಜೊತೆಗೆ ಹೇಳಿದರು. ಖರ್ಚು ಕಳೆದು ಉಳಿದದ್ದು ಹನ್ನೊಂದು ಸಾವಿರ. ಆಮೇಲೆ ಬಂತು ಕೊರೋನಾ. 2020ರ ಮಾರ್ಚ್ 6ರಂದು ಆಸ್ಟಿನ್ ನಗರ ಆ ವರ್ಷದ ಸಮ್ಮೇಳನವನ್ನೇ ರದ್ದು ಮಾಡಿದ ಸುದ್ದಿ ಬಂದಾಗ, ಟಿಕೆಟ್ಟು ಕೊಂಡು ಕೂತಿದ್ದ ಎಷ್ಟೋ ತಂಡಗಳನ್ನು ನೆನೆದು ಹುಡುಗರಿಗೆ ಸಂಕಟವೇ ಆಯಿತು.

ಸಮ್ಮೇಳನದ ಆಸೆ ಮಾತ್ರ ಸತ್ತಿರಲಿಲ್ಲ. ಮುಂಬೈಯಲ್ಲಿ 2017ರಿಂದ ಸಂಗೀತೋದ್ಯಮದ ಸಮ್ಮೇಳನಗಳು ನಡೆಯುತ್ತಿವೆ. 2023ರಲ್ಲಿ ಅಂಥದೊಂದಕ್ಕೆ ಅವನು ಒಬ್ಬನೇ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದ. ಗಿಟಾರ್ ಒಯ್ಯಲಿಲ್ಲ. ಜೇಬಿನಲ್ಲಿ ಮೂರು ಹೆಸರು ಬರೆದ ಚೀಟಿ ಇತ್ತು. ಮೂವರಿಗೂ ಹದಿನೈದು ದಿನ ಮೊದಲೇ ಪತ್ರ ಬರೆದಿದ್ದ. ಒಬ್ಬರು ಸಿಗಲೇ ಇಲ್ಲ. ಇನ್ನೊಬ್ಬರು ಎರಡು ನಿಮಿಷ ಮಾತಾಡಿ ಫೋನು ಬಂತೆಂದು ಹೊರಟರು. ಮೂರನೆಯವರು ಊರೂರಿನಲ್ಲಿ ಸಣ್ಣ ಉತ್ಸವ ನಡೆಸುವ ಹೆಂಗಸು. ಧಾರವಾಡದ ನಾನೂರು ಹುಡುಗರು ಹಾಡುವ ವಿಡಿಯೋ ತೋರಿಸಿದಾಗ, “ಇದನ್ನು ನನಗೆ ಕಳಿಸಿ” ಎಂದರು. ಆ ವರ್ಷದ ಚಳಿಗಾಲದಲ್ಲಿ ಪುಣೆಯಲ್ಲಿ ಒಂದು, ಗೋವಾದಲ್ಲಿ ಒಂದು ಕಾರ್ಯಕ್ರಮ ಸಿಕ್ಕಿತು. ಸಂಭಾವನೆ ಸಹಿತ.

ಆದರೆ ಅವನಿಗೆ ದೊಡ್ಡ ಲಾಭವಾದದ್ದು ಅರ್ಧ ಖಾಲಿಯಿದ್ದ ಒಂದು ಹಾಲಿನಲ್ಲಿ. ಅಲ್ಲಿ ವಕೀಲರೊಬ್ಬರು ರಾಯಲ್ಟಿಯ ಬಗ್ಗೆ ಮಾತಾಡುತ್ತಿದ್ದರು. ಒಂದು ಹಾಡೆಂದರೆ ಒಂದು ಆಸ್ತಿಯಲ್ಲ, ಎರಡು. ಸಾಹಿತ್ಯ ಮತ್ತು ರಾಗಸಂಯೋಜನೆ ಒಂದು, ಧ್ವನಿಮುದ್ರಣ ಇನ್ನೊಂದು. ಹಾಡನ್ನು ಅಂತರ್ಜಾಲಕ್ಕೆ ಏರಿಸುವ ಸಂಸ್ಥೆ ಕಳಿಸುವುದು ಎರಡನೆಯದರ ಹಣವನ್ನು. ಮೊದಲನೆಯದರ ಹಣ ಬರಬೇಕಾದರೆ ಬರೆದವನು, ರಾಗ ಹಾಕಿದವನು 1969ರಲ್ಲಿ ಸ್ಥಾಪನೆಯಾದ ಐಪಿಆರ್‌ಎಸ್‌ನಂಥ ಹಕ್ಕಿನ ಸಂಘದಲ್ಲಿ ಸದಸ್ಯನಾಗಿ ತನ್ನ ಹಾಡುಗಳನ್ನು ನೋಂದಾಯಿಸಿರಬೇಕು. 2012ರ ಹಕ್ಕುಸ್ವಾಮ್ಯ ತಿದ್ದುಪಡಿಯ ಮೇಲೆ ಕವಿ, ಸಂಯೋಜಕರ ರಾಯಲ್ಟಿ ಪಾಲನ್ನು ಕರಾರು ಬರೆಸಿಕೊಂಡು ಕಸಿಯುವಂತಿಲ್ಲ. ಪ್ರತಿ ಧ್ವನಿಮುದ್ರಣಕ್ಕೆ ಹನ್ನೆರಡು ಅಕ್ಷರ-ಅಂಕಿಗಳ ಒಂದು ಗುರುತು ಸಂಖ್ಯೆ, ಐಎಸ್‌ಆರ್‌ಸಿ, ಇರುತ್ತದೆ. ಹೆಸರು ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ ಬರೆದಿದ್ದರೆ ಹಣ ಯಾರದೆಂದು ತಿಳಿಯದೆ ಕೂತಿರುತ್ತದೆ.

ನಾಲ್ಕು ವರ್ಷದಿಂದ ಹಾಡುಗಳು ಓಡುತ್ತಿದ್ದವು, ಅವನು ಯಾವ ಸಂಘಕ್ಕೂ ಸೇರಿರಲಿಲ್ಲ! ಊರಿಗೆ ಬಂದವನೇ ಅರ್ಜಿ ಹಾಕಿದ. ಬಹಳ ತಿಂಗಳ ಮೇಲೆ ಮೊದಲ ಕಂತು ಬಂತು. ಮೂರು ಸಾವಿರ ಚಿಲ್ಲರೆ. ಮೊತ್ತ ದೊಡ್ಡದಲ್ಲ. ಆದರೆ 2024ರಿಂದ ಸ್ಪಾಟಿಫೈ, ಹನ್ನೆರಡು ತಿಂಗಳಲ್ಲಿ ಸಾವಿರ ಸಲವಾದರೂ ಕೇಳಿಸಿಕೊಳ್ಳದ ಹಾಡಿನ ಧ್ವನಿಮುದ್ರಣಕ್ಕೆ ಕಾಸು ಕೊಡುವುದನ್ನೇ ನಿಲ್ಲಿಸಿರುವ ಕಾಲದಲ್ಲಿ, ತನ್ನದಾದ ಮೂರು ಸಾವಿರವೂ ಅವನಿಗೆ ದೊಡ್ಡದೇ.

ಮುಂಬೈಗೆ ಹೋಗಿಬಂದ ಒಟ್ಟು ಖರ್ಚನ್ನು ಅವನು ತಂದೆಗೆ ಹೇಳಿದಾಗ ಅವರು ಮತ್ತೆ ಕ್ಯಾಲೆಂಡರ್ ಹಾಳೆ ಹುಡುಕಿದರು. ಒಂದು ಕಡೆ ರೈಲು, ಸಮ್ಮೇಳನದ ಶುಲ್ಕ, ಲಾಡ್ಜು. ಇನ್ನೊಂದು ಕಡೆ ಪುಣೆ, ಗೋವಾ, ಮೂರು ಸಾವಿರ ಚಿಲ್ಲರೆ. ಎರಡೂ ಕೂಡಿಸಿ ಕಳೆದು, “ಸಮ ಸಮ ಆಯ್ತಲ್ಲೋ” ಎಂದರು. ಮೆಚ್ಚಿದರೋ ಚುಚ್ಚಿದರೋ ಮಗನಿಗೆ ತಿಳಿಯಲಿಲ್ಲ. ಮಗಳು ಅಷ್ಟು ಹೊತ್ತಿಗೆ ಅದೇ ಠೇವಣಿಯಲ್ಲಿ ಓದು ಮುಗಿಸಿ ಕೆಲಸಕ್ಕೆ ಸೇರಿದ್ದಳು. “ಮುಂದಿನ ಸಲ ಟಿಕೆಟ್ ನಂದು ಕಣೋ ಅಣ್ಣ” ಎಂದಳು.

ಆಸ್ಟಿನ್ನಿಗೆ ಹೋಗಬೇಕಿತ್ತು ಎಂದು ಬೇಸ್ ಗಿಟಾರಿನ ಗೆಳೆಯ ಇವತ್ತಿಗೂ ಹೇಳುತ್ತಾನೆ. ಸಾಫ್ಟ್‌ಬಾಲ್ ಬಯಲಿನಲ್ಲಿ ಯಾರು ನಿಂತಿದ್ದರೋ ಯಾರು ಬಲ್ಲರು ಎನ್ನುತ್ತಾನೆ. ಅವನ ಮಾತನ್ನು ತಳ್ಳಿಹಾಕುವಂತಿಲ್ಲ. ಪ್ರಯೋಗಶಾಲೆಯಲ್ಲಾದರೆ ಎರಡು ಪ್ರನಾಳ ಇಟ್ಟು, ಒಂದಕ್ಕೆ ಪುಡಿ ಹಾಕಿ, ಇನ್ನೊಂದಕ್ಕೆ ಹಾಕದೆ ಹೋಲಿಸಿ ನೋಡಬಹುದು. ಬದುಕಿನಲ್ಲಿ ಪ್ರತಿಯೊಬ್ಬನಿಗೂ ಇರುವುದು ಒಂದೇ ಪ್ರನಾಳ. ಅದರಲ್ಲಿ ಏನಿದೆ ಎಂದು ಮೊದಲು ಮೂಸಿ ನೋಡಿಕೊಳ್ಳುವುದಷ್ಟೇ ನಮ್ಮ ಕೈಯಲ್ಲಿರುವುದು.

ಆ ಆಹ್ವಾನದ ಕಾಗದ ಹಾಸನದ ಮನೆಯಲ್ಲಿ ಈಗಲೂ ಇದೆ. ತಂದೆ ಅದನ್ನು ಠೇವಣಿಯ ಹಳೆಯ ಪಾಸ್‌ಬುಕ್ಕಿನೊಳಗೆ ಮಡಿಸಿ ಇಟ್ಟಿದ್ದಾರೆ. ಮನೆಗೆ ಬಂದ ನೆಂಟರಿಗೆ, ಮಗ ಇಲ್ಲದ ಹೊತ್ತಿನಲ್ಲಿ, ತೆಗೆದು ತೋರಿಸುತ್ತಾರೆ.